ಬಕೆಟ್ಟಿನಲ್ಲಿ ಬಂದ ಪ್ರವಾಹ

ಒಮಾನಿನಲ್ಲಿ ಪರಿಹಾರಗಳಿಗೆ ಬರವಿಲ್ಲ; ಅವಕ್ಕೆ ಹೊಂದುವ ಸಮಸ್ಯೆ ಮಾತ್ರ ಸಮಯಕ್ಕೆ ಸರಿಯಾಗಿ ಸಿಗುವುದಿಲ್ಲ. ಚಳಿಗಾಲ ಬಂತೆಂದರೆ, ಅಂದರೆ ಇಲ್ಲಿ ಮನುಷ್ಯ ಬಯಲಲ್ಲಿ ನಿಂತು ನಾಲ್ಕು ಮಾತಾಡಬಹುದಾದ ತಿಂಗಳು ಬಂತೆಂದರೆ, ಒಂದಲ್ಲ ಒಂದು ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳ ತಂತ್ರಜ್ಞಾನ ಸ್ಪರ್ಧೆಯ ಪ್ರಕಟಣೆ ಬರುತ್ತದೆ. ಕಾಲೇಜಿನವರಿಗೊಂದು ವಿಭಾಗ, ಶಾಲೆಯವರಿಗೊಂದು ವಿಭಾಗ. ನಮ್ಮವರ ಮಕ್ಕಳು ಎರಡರಲ್ಲೂ ಇರುತ್ತಾರೆ. ಮಸ್ಕತ್ತಿನ ರುವಿ, ದಾರ್‌ಸೈತ್, ಅಲ್ ಖುವೈರ್, ಗುಬ್ರಾಗಳ ಕನ್ನಡ ಮನೆಗಳಲ್ಲಿ ಆ ವಾರಗಳಲ್ಲಿ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ: ಬ್ರೆಡ್‌ಬೋರ್ಡು, ಜಂಪರ್ ವೈರು, ಸೋಲ್ಡರಿಂಗ್ ಐರನ್ನು, ಬಿಸಿ ಅಂಟಿನ ಗನ್ನು, ಅರ್ಧ ಕುಡಿದು ಮರೆತ ಕರಕ್ ಚಾಯ್.

"ಈ ಸಲ ಏನು ಪ್ರಾಜೆಕ್ಟಪ್ಪಾ?" ಎಂದು ಕೇಳಿ ನೋಡಿ.

"ಸೆನ್ಸರ್ ಬಂದಿದೆ ಅಂಕಲ್. ಪ್ರಾಬ್ಲಂ ಸ್ಟೇಟ್‌ಮೆಂಟ್ ಹುಡುಕ್ತಾ ಇದೀವಿ."

ಹುಡುಗ ತಮಾಷೆ ಮಾಡುತ್ತಿಲ್ಲ. ಇಲ್ಲಿ ಕ್ರಮವೇ ಹಾಗೆ. ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆನ್ಸರ್ ಬರುತ್ತದೆ. ಊರಿಂದ ಬರುವ ಯಾರದೋ ಪೆಟ್ಟಿಗೆಯಲ್ಲಿ, ಮಾವಿನ ಮಿಡಿಯ ಡಬ್ಬಿಗೂ ಚಕ್ಕುಲಿಯ ಪೊಟ್ಟಣಕ್ಕೂ ನಡುವೆ, ಬನಿಯನ್ನಿನಲ್ಲಿ ಸುತ್ತಿಕೊಂಡು ಬರುತ್ತದೆ. ಬಂದ ಮೇಲೆ ಅದರ ಮುಂದೆ ಕೂತು, ಇದಕ್ಕೆ ಹೊಂದುವ ಸಂಕಟ ಜಗತ್ತಿನಲ್ಲಿ ಯಾರಿಗಿದೆ ಎಂದು ಯೋಚಿಸಲಾಗುತ್ತದೆ.

ಸೆನ್ಸರ್ ಎಂದರೆ ನೂರಕ್ಕೆ ತೊಂಬತ್ತು ಪಾಲು ಒಂದೇ. ಹೆಸರು ಎಚ್‌ಸಿ-ಎಸ್‌ಆರ್04. ಎರಡು ಗುಂಡು ಬೆಳ್ಳಿಯ ಕಣ್ಣುಗಳು. ಒಂದು ಕಣ್ಣು ಕೇಳಿಸದ ಸದ್ದು ಮಾಡುತ್ತದೆ, ಇನ್ನೊಂದು ಅದರ ಮಾರ್ದನಿ ಕೇಳಿಸಿಕೊಳ್ಳುತ್ತದೆ, ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಎರಡು ಸೆಂಟಿಮೀಟರಿನಿಂದ ನಾಲ್ಕು ಮೀಟರಿನವರೆಗೆ ಅದರ ಸಾಮ್ರಾಜ್ಯ. ಇದನ್ನು ಕಸದ ಬುಟ್ಟಿಯ ಮುಚ್ಚಳಕ್ಕೆ ಅಂಟಿಸಿದರೆ ಸ್ವಚ್ಛತೆ. ಬಿದಿರು ಕೋಲಿಗೆ ಕಟ್ಟಿದರೆ ಅಂಧರ ಸಬಲೀಕರಣ. ಆಟಿಕೆ ಕಾರಿನ ಮೂತಿಗೆ ಇಟ್ಟರೆ ರಸ್ತೆ ಸುರಕ್ಷತೆ. ನೀರಿನ ಬಕೆಟ್ಟಿನ ಮೇಲೆ ತೂಗುಹಾಕಿದರೆ ವಿಪತ್ತು ನಿರ್ವಹಣೆ. ಇಷ್ಟು ಇಲಾಖೆಗಳನ್ನು ಒಟ್ಟಿಗೆ ನಿಭಾಯಿಸುವ ಮಂತ್ರಿ ಯಾವ ದೇಶದಲ್ಲೂ ಇಲ್ಲ.

ಅಂಧರ ಕೋಲಿನ ಮಾತು ಬಂತು. ಪ್ರತಿವರ್ಷ ಈ ಕೋಲು ಹುಟ್ಟುತ್ತದೆ. ಎದುರಿಗೆ ಗೋಡೆ ಬಂದರೆ ಕುಯ್ ಎನ್ನುತ್ತದೆ, ಮನುಷ್ಯ ಬಂದರೂ ಕುಯ್ ಎನ್ನುತ್ತದೆ, ಪ್ರದರ್ಶನದ ಹಾಲ್‌ನಲ್ಲಿ ಜನ ತುಂಬಿದ್ದರೆ ಸಂಜೆಯವರೆಗೆ ಕುಯ್‌ಗುಟ್ಟುತ್ತಲೇ ಇರುತ್ತದೆ. ಕೋಲಿನಿಂದ ನೆಲ ತಟ್ಟಿ, ಆ ಸದ್ದನ್ನು ಆಲಿಸಿ ದಾರಿ ತಿಳಿಯುವವರಿಗೆ ಕೋಲೇ ಕಿರುಚತೊಡಗಿದರೆ ಹೇಗಿರುತ್ತದೆ ಎಂದು ಕೇಳಬೇಕಾದದ್ದು ಕಣ್ಣಿಲ್ಲದವರನ್ನು. ಅವರನ್ನು ತಂಡ ಭೇಟಿಯಾಗಿರುವುದಿಲ್ಲ. ಸಮಯ ಇರಲಿಲ್ಲ, ಪೋಸ್ಟರಿಗೆ ಲ್ಯಾಮಿನೇಷನ್ ಮಾಡಿಸಬೇಕಿತ್ತು.

ಆದರೆ ಈ ದೇಶದಲ್ಲಿ ನಿಜವಾದ ರಾಜಯೋಗ ಇರುವುದು ಬಕೆಟ್ಟಿಗೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಮಸ್ಕತ್ತನ್ನು ಮುಳುಗಿಸಿತು. 2021ರ ಅಕ್ಟೋಬರ್‌ನಲ್ಲಿ ಶಾಹೀನ್ ಬಾತಿನಾ ಕರಾವಳಿಯ ಸುವೈಕ್, ಖಾಬೂರಾ ಕಡೆ ಮನೆ ತೋಟಗಳನ್ನು ಮಣ್ಣು ಮಾಡಿತು. ಆಮೇಲಿನ ಸ್ಪರ್ಧೆಗಳಲ್ಲಿ 'ಸ್ಮಾರ್ಟ್ ವಾದಿ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆ' ಇಲ್ಲದ ಸಾಲು ಕಂಡರೆ ಏನೋ ಕಳೆದುಹೋದಂತೆ ಅನಿಸುತ್ತದೆ. ಊರಲ್ಲಿರುವ ಓದುಗರಿಗಾಗಿ ಹೇಳುತ್ತೇನೆ: ವಾದಿ ಎಂದರೆ ವರ್ಷದಲ್ಲಿ ಮುನ್ನೂರೈವತ್ತು ದಿನ ಒಣಗಿ ಬಿದ್ದಿರುವ ಕಲ್ಲಿನ ಹೊಳೆಪಾತ್ರ. ಬೆಟ್ಟದ ಮೇಲೆ ಎಲ್ಲೋ ಮಳೆಯಾದರೆ, ಕೆಳಗೆ ಬಿಸಿಲು ಹೊಡೆಯುತ್ತಿರುವಾಗಲೇ, ಕೆಸರು ನೀರು ಗೋಡೆಯೆದ್ದು ಬರುತ್ತದೆ. ರಸ್ತೆಗಳು ವಾದಿಯನ್ನು ಅಲ್ಲಲ್ಲಿ ದಾಟುತ್ತವೆ. ತುಂಬಿ ಹರಿಯುವಾಗ ದಾಟುವುದು ಇಲ್ಲಿ ಶಿಕ್ಷಾರ್ಹ ಅಪರಾಧ, ಆದರೂ ದಾಟುತ್ತಾರೆ.

ಪ್ರದರ್ಶನದಲ್ಲಿ ವಾದಿ ಹೇಗಿರುತ್ತದೆ? ಥರ್ಮಾಕೋಲಿನ ಎರಡು ಬೆಟ್ಟ, ನಡುವೆ ನೀಲಿ ಬಣ್ಣ ಬಳಿದ ಒಂದಡಿ ಕಾಲುವೆ, ಅದರ ಪಕ್ಕ ಪ್ಲಾಸ್ಟಿಕ್ ಖರ್ಜೂರದ ಮರ, ಮೇಲೊಂದು ಸೆನ್ಸರ್. ತಂಡದ ಹುಡುಗಿಯೊಬ್ಬಳು ಬಕೆಟ್ಟಿನಿಂದ ಸಾವಕಾಶವಾಗಿ ನೀರು ಸುರಿಯುತ್ತಾಳೆ. ನೀರು ಮೂರು ಬೆರಳು ಏರಿದಾಗ ಕೆಂಪು ದೀಪ ಹತ್ತಿ, ಫೋನಿಗೆ ಸಂದೇಶ ಬರುತ್ತದೆ: ಪ್ರವಾಹ! ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಪ್ರವಾಹಕ್ಕೆ ಚಪ್ಪಾಳೆ ಸಿಗುವ ಜಾಗ ಭೂಮಿಯ ಮೇಲೆ ಅದೊಂದೇ.

ಈಗ ಸ್ವಲ್ಪ ಭೌತಶಾಸ್ತ್ರ, ಪಿಯುಸಿ ಮಟ್ಟದ್ದು. ಸದ್ದಿನ ವೇಗ ಗಾಳಿಯ ಬಿಸಿಯ ಮೇಲೆ ನಿಂತಿದೆ. ಇಪ್ಪತ್ತು ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ನಲವತ್ತೈದರಲ್ಲಿ ಸುಮಾರು 358. ಕೋಡಿನಲ್ಲಿ ಬರೆದಿರುವುದು 343, ಏಕೆಂದರೆ ಯೂಟ್ಯೂಬಿನಲ್ಲಿ ಪಾಠ ಹೇಳಿದವನು ತಂಪು ದೇಶದವನು. ಅಂದಮೇಲೆ ಸೇತುವೆಗೆ ಕಟ್ಟಿದ ಈ ಯಂತ್ರ, ಬೇಸಿಗೆಯ ಮಧ್ಯಾಹ್ನ ನಾಲ್ಕು ಮೀಟರ್ ಕೆಳಗಿನ ಒಣ ಕಲ್ಲನ್ನು ನೋಡಿ, ಅದು ಹದಿನೇಳು ಸೆಂಟಿಮೀಟರ್ ಮೇಲೆದ್ದಿದೆ ಎಂದು ವರದಿ ಮಾಡುತ್ತದೆ. ಹನಿ ನೀರಿಲ್ಲದ ವಾದಿಯಲ್ಲಿ ಗೇಣುದ್ದ ಪ್ರವಾಹ! ನಿಜವಾದ ಪ್ರವಾಹ ಬಂದಾಗ ನೊರೆ, ಕೆಸರು, ತೇಲಿಬರುವ ಮರದ ಕೊಂಬೆಗಳ ನಡುವೆ ಮಾರ್ದನಿ ಚೂರುಚೂರಾಗಿ ಅದಕ್ಕೆ ಏನೂ ಕೇಳಿಸುವುದಿಲ್ಲ. ಜತೆಗೆ ಅದನ್ನು ಇಟ್ಟಿರುವುದು ರಸ್ತೆ ದಾಟುವ ಜಾಗದಲ್ಲಿ. ನೀರು ರಸ್ತೆಗೆ ಬಂದಿದೆ ಎಂದು ರಸ್ತೆಯಲ್ಲಿ ನಿಂತವನಿಗೆ ತಿಳಿಸಲು ಉಪಗ್ರಹ ಸಂಪರ್ಕ ಬೇಕೆ? ಕಣ್ಣು ಸಾಕು. ಎಚ್ಚರಿಕೆ ಬರಬೇಕಾದದ್ದು ಬೆಟ್ಟದ ಮೇಲಿಂದ, ನೀರಿಗಿಂತ ಅರ್ಧ ಗಂಟೆ ಮೊದಲು. ಬೆಟ್ಟ ಹತ್ತುವವರು ಯಾರು? ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ.

2024ರ ಏಪ್ರಿಲ್‌ನಲ್ಲಿ ಉತ್ತರ ಶರ್ಕಿಯಾದ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನವೊಂದು ಇಂಥದೇ ನೀರಿನಲ್ಲಿ ಕೊಚ್ಚಿಹೋಯಿತು. ಮಕ್ಕಳು ಸತ್ತರು. ಇದರಲ್ಲಿ ವ್ಯಂಗ್ಯಕ್ಕೆ ಜಾಗವಿಲ್ಲ. ಈ ಸಮಸ್ಯೆ ನಿಜ, ಅದರ ತೂಕ ನಿಜ. ಅದಕ್ಕೇ ಬಕೆಟ್ಟನ್ನು ಕಂಡಾಗ ಸಿಟ್ಟು ಬರುವುದು.

ಇನ್ನು ಸ್ಮಾರ್ಟ್ ನೀರಾವರಿ. ಇದು ಸ್ಪರ್ಧೆಗಳ ಕುಲದೇವರು. ಮಣ್ಣಿಗೆ ಎರಡು ಹಲ್ಲಿನ ತೇವಾಂಶ ಸೆನ್ಸರ್ ಚುಚ್ಚಿರುತ್ತದೆ, ಮಣ್ಣು ಒಣಗಿದರೆ ಪುಟ್ಟ ಪಂಪು ತಿರುಗುತ್ತದೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ಬೆಳೆಸಿದ ಮೆಂತ್ಯ ನಗುತ್ತದೆ. ಈ ಸೆನ್ಸರ್ ನಿಜಕ್ಕೂ ಅಳೆಯುವುದು ನೀರನ್ನಲ್ಲ, ಮಣ್ಣಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಉಪ್ಪಿದ್ದರೆ ಇನ್ನೂ ಸಲೀಸು. ಬಾತಿನಾ ಕರಾವಳಿಯ ತೋಟಗಳ ದೊಡ್ಡ ರೋಗವೇ ಉಪ್ಪು: ಬಾವಿಗಳಿಂದ ಮಿತಿಮೀರಿ ನೀರೆತ್ತಿ, ಸಮುದ್ರದ ನೀರು ನೆಲದಡಿಯಿಂದ ಒಳನುಗ್ಗಿ, ಎಷ್ಟೋ ತೋಟಗಳ ಮಣ್ಣು ಕೆಟ್ಟಿದೆ. ಅಲ್ಲಿ ಈ ಯಂತ್ರವನ್ನು ನೆಟ್ಟರೆ ಗಿಡ ಬಾಯಾರಿ ತಲೆಬಾಗಿಸುತ್ತಿರುವಾಗ ಆಪ್ ಹಸಿರು ಅಕ್ಷರದಲ್ಲಿ "ಮಣ್ಣು ತೇವವಾಗಿದೆ" ಎಂದು ತೋರಿಸುತ್ತದೆ. ಕೆಲವೇ ವಾರಗಳಲ್ಲಿ ಹಲ್ಲುಗಳೂ ತುಕ್ಕು ಹಿಡಿದು ಉದುರುತ್ತವೆ, ಆಗ ತೋಟಕ್ಕೆ ಬಿಡುಗಡೆ. ಮೆಂತ್ಯಕ್ಕೆ ಮಾತ್ರ ಯಾವ ತೊಂದರೆಯೂ ಇಲ್ಲ. ಅದರ ಮಣ್ಣು ಸೂಪರ್ ಮಾರ್ಕೆಟ್ಟಿನಿಂದ ಬಂದದ್ದು, ಚೀಲದಲ್ಲಿ.

ಬರ್ಕಾದಲ್ಲೋ ಮುಸನ್ನಾದಲ್ಲೋ ಖರ್ಜೂರದ ತೋಟ ನೋಡಿಕೊಳ್ಳುವ ಬಾಂಗ್ಲಾದೇಶದ ಕೆಲಸಗಾರನನ್ನು ಒಂದು ಸಲ ಕೇಳಿದ್ದರೆ ಇದೆಲ್ಲ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಅವನು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ, ಎಲೆಯ ಅಂಚು ಸುಟ್ಟಿರುವುದನ್ನು ತೋರಿಸುತ್ತಾನೆ. ಆದರೆ ಅವನನ್ನು ಕೇಳಲು ಹೋಗಬೇಕು. ಶುಕ್ರವಾರ ಅಪ್ಪನಿಗೆ ರಜೆ, ಆದರೆ ಶುಕ್ರವಾರ ಲುಲು ಹೈಪರ್‌ಮಾರ್ಕೆಟ್ಟಿಗೆ ಹೋಗಬೇಕು.

ಅಪ್ಪನ ಹೆಸರೆತ್ತಿದ ಮೇಲೆ ಅವರ ಪಾತ್ರವನ್ನು ಪೂರ್ತಿ ಹೇಳಿಬಿಡುವುದು ನ್ಯಾಯ. ಸ್ಪರ್ಧೆಯ ನಿಯಮದ ಪ್ರಕಾರ ಪ್ರಾಜೆಕ್ಟನ್ನು ವಿದ್ಯಾರ್ಥಿಗಳೇ ಮಾಡಬೇಕು. ನಮ್ಮ ಮನೆಗಳಲ್ಲಿ ಈ ನಿಯಮವನ್ನು ಶ್ರದ್ಧೆಯಿಂದ ಓದಿ, ಮಡಿಸಿ, ದೇವರ ಪಟದ ಹಿಂದೆ ಇಡುತ್ತಾರೆ. ಯಾವುದೋ ತೈಲ ಗುತ್ತಿಗೆ ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್ ಆಗಿರುವ ಅಪ್ಪ ಎಕ್ಸೆಲ್ಲಿನಲ್ಲಿ ವೇಳಾಪಟ್ಟಿ ಹಾಕುತ್ತಾರೆ, ಬಣ್ಣಬಣ್ಣದ ಪಟ್ಟಿಗಳೊಂದಿಗೆ. ರಂಗೋಲಿ ಕೈಯ ಅಮ್ಮನಿಗೆ ಥರ್ಮಾಕೋಲು, ಕ್ರೇಪ್ ಕಾಗದದ ಖಾತೆ. ಕೋಡು ಬರೆಯುವವನು ಬೆಂಗಳೂರಿನಲ್ಲಿರುವ ಸೋದರಮಾವ. ಭಾರತದ ಗಡಿಯಾರ ಒಮಾನಿಗಿಂತ ಒಂದೂವರೆ ಗಂಟೆ ಮುಂದಿದೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ "ಮಾವಾ, ಎಲ್‌ಸಿಡಿಯಲ್ಲಿ ಏನೂ ಬರ್ತಿಲ್ಲ" ಎಂದು ಸಂದೇಶ ಹೋದಾಗ ಅಲ್ಲಿ ಹನ್ನೆರಡೂವರೆ. ಆ ಪುಣ್ಯಾತ್ಮ ಕಂಪನಿಯ ಲ್ಯಾಪ್‌ಟಾಪನ್ನೇ ತೆರೆದು ಕೂರುತ್ತಾನೆ. ವಿದ್ಯಾರ್ಥಿಯ ಪಾಲಿಗೆ ಉಳಿಯುವುದು ಬಾಯಿಪಾಠ.

ಊರಲ್ಲಿ ಎಲ್ಲ ಸರಿಯಿದ್ದು ಇಲ್ಲಿಗೆ ಬಂದು ಕೆಟ್ಟೆವು ಎಂದು ಯಾರೂ ಭಾವಿಸಬೇಡಿ. ವಿಜಯನಗರ, ರಾಜಾಜಿನಗರಗಳ ಪ್ರಾಜೆಕ್ಟ್ ಸೆಂಟರ್‌ಗಳಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟು ತಯಾರಾಗಿಯೇ ಸಿಗುತ್ತದೆ, ವರದಿ ಬೈಂಡಾಗಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಸಮೇತ. ನಾವು ಆ ಉದ್ಯಮವನ್ನು ಸಮುದ್ರ ದಾಟಿಸಿದ್ದೇವೆ, ಅಷ್ಟೆ. ಅದೇ ಪಿಡಿಎಫ್ ವಾಟ್ಸಾಪ್‌ನಲ್ಲಿ ಮಸ್ಕತ್ತಿಗೆ ಬರುತ್ತದೆ. "ಮಂಡ್ಯದ ಕಬ್ಬಿನ ಗದ್ದೆ" ಇದ್ದಲ್ಲಿ "ನಿಜ್ವಾದ ಖರ್ಜೂರದ ತೋಟ" ಎಂದು ತಿದ್ದಲಾಗುತ್ತದೆ. ಎಲ್ಲ ಕಡೆ ತಿದ್ದುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ನಿಜ್ವಾದ ರೈತ ಇನ್ನೂ ವಿಶ್ವೇಶ್ವರಯ್ಯ ನಾಲೆಯ ನೀರಿಗೆ ಕಾಯುತ್ತಿರುತ್ತಾನೆ.

ಪೋಸ್ಟರಿಗೆ ಬರೋಣ. ಯಂತ್ರ ಕೈಕೊಟ್ಟರೂ ಪೋಸ್ಟರ್ ಕೈಕೊಡಬಾರದು. ಮೇಲೆ ಬಲಗಡೆ 'ಒಮಾನ್ ವಿಷನ್ 2040' ಇರಲೇಬೇಕು. ದೇಶದ ಆರ್ಥಿಕತೆಯನ್ನು ತೈಲದ ಅವಲಂಬನೆಯಿಂದ ಬಿಡಿಸುವ ಗಂಭೀರ ಯೋಜನೆ ಅದು. ಅದರ ಭಾರದ ಒಂದು ಪಾಲು ಈಗ ತನ್ನಷ್ಟಕ್ಕೆ ಬಾಯಿ ತೆರೆಯುವ ಕಸದ ಬುಟ್ಟಿಯ ಮೇಲಿದೆ. ಕೆಳಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಚೌಕಗಳು. ಹದಿನೇಳರಲ್ಲಿ ಎಷ್ಟನ್ನು ಅಂಟಿಸಬೇಕು ಎಂಬುದು ಪೋಸ್ಟರಿನಲ್ಲಿ ಉಳಿದ ಜಾಗವನ್ನು ಅವಲಂಬಿಸಿದೆ. ಜಾಗ ಹೆಚ್ಚಿದ್ದರೆ ಬಡತನ ನಿರ್ಮೂಲನೆಯೂ ಆಗುತ್ತದೆ.

ಶೀರ್ಷಿಕೆಯಲ್ಲಿ ಹಿಂದೆ 'ಸ್ಮಾರ್ಟ್' ಇದ್ದರೆ ಸಾಕಿತ್ತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಅದು ಸಾಲದಾಯಿತು, 'ಎಐ ಆಧಾರಿತ' ಎಂದು ಸೇರಿಸಬೇಕು. ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ತೀರ್ಪುಗಾರರು ಕೇಳುತ್ತಾರೆ:

"ಇದರಲ್ಲಿ ಎಐ ಎಲ್ಲಿದೆ?"

"ಮಣ್ಣು ಒಣಗಿದರೆ ಪಂಪ್ ಆನ್ ಮಾಡುತ್ತೆ ಸರ್. ಒದ್ದೆಯಾದರೆ ಆಫ್ ಮಾಡುತ್ತೆ. ಅದೇ ಡಿಸೈಡ್ ಮಾಡುತ್ತೆ ಸರ್."

ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ ತೇಲುವ ಪ್ಲಾಸ್ಟಿಕ್ ಚೆಂಡು ನೂರಾರು ವರ್ಷಗಳಿಂದಲ್ಲದಿದ್ದರೂ ಬಹಳ ಕಾಲದಿಂದ ಇದೇ ನಿರ್ಧಾರವನ್ನು ಯಾವ ಬುದ್ಧಿಮತ್ತೆಯ ಜಂಬವೂ ಇಲ್ಲದೆ ತೆಗೆದುಕೊಳ್ಳುತ್ತಿದೆ. ಅದಕ್ಕೆ ಯಾರೂ ಟ್ರೋಫಿ ಕೊಟ್ಟಿಲ್ಲ. ತೀರ್ಪುಗಾರರು ತಲೆಯಾಡಿಸಿ ನಾವೀನ್ಯದ ಕಾಲಂನಲ್ಲಿ ಹತ್ತಕ್ಕೆ ಎಂಟು ಬರೆಯುತ್ತಾರೆ.

ತೀರ್ಪುಗಾರರನ್ನು ಬೈಯುವುದು ಸುಲಭ. ಅವರ ಕಷ್ಟವೂ ಇದೆ. ಅರವತ್ತು ಮೇಜು, ಎರಡು ಗಂಟೆ, ಮಧ್ಯೆ ಮುಖ್ಯ ಅತಿಥಿಗಳ ಆಗಮನ. ಮೇಜಿಗೆ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಒಂದು ನಿಮಿಷ ವಿದ್ಯಾರ್ಥಿ "ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಜ್ಯೂರಿ" ಎನ್ನುವುದಕ್ಕೂ ತಂಡದ ಐವರ ಹೆಸರು ಹೇಳುವುದಕ್ಕೂ ಹೋಗುತ್ತದೆ. ಉಳಿದ ನಿಮಿಷದಲ್ಲಿ ಯಂತ್ರ ಕೆಲಸ ಮಾಡುವುದಿಲ್ಲ. "ಈಗ ತಾನೆ ವರ್ಕ್ ಆಗ್ತಿತ್ತು ಸರ್" ಎಂಬುದು ಎಲ್ಲ ದೇಶದ, ಎಲ್ಲ ಭಾಷೆಯ ಪ್ರದರ್ಶನಗಳ ಘೋಷವಾಕ್ಯ. ವೈಫೈಯನ್ನು ಬೈದುಕೊಳ್ಳುತ್ತಾರೆ. ಡ್ರೋನ್ ಮಾಡಿದ ತಂಡಕ್ಕೆ ಈ ಅವಮಾನವಿಲ್ಲ. ಒಮಾನಿನಲ್ಲಿ ಡ್ರೋನ್ ಹಾರಿಸಲು ಅನುಮತಿ ಬೇಕು, ಅನುಮತಿ ಕೇಳಿಲ್ಲ. ಆದ್ದರಿಂದ ಅದು ಮೇಜಿನ ಮೇಲೆ ಸುಮ್ಮನೆ ಕೂತು ತಾನು ಹಾರಬಲ್ಲೆ ಎಂದು ನಂಬಿಸುತ್ತದೆ. ಬಹುಮಾನ ಸಾಮಾನ್ಯವಾಗಿ ಅದಕ್ಕೇ.

ಗೈಡ್ ಮೇಷ್ಟ್ರುಗಳ ಬಗ್ಗೆ ಹೆಚ್ಚು ಹೇಳಲಾರೆ, ಅರ್ಧ ಜನ ನಮ್ಮ ಕಡೆಯವರೇ. ಇಲ್ಲಿನ ಖಾಸಗಿ ಕಾಲೇಜುಗಳಲ್ಲಿ ಪಾಠ ಹೇಳುವ ಭಾರತೀಯರಿಗೆ ವೀಸಾ, ಗುತ್ತಿಗೆ, ವರ್ಷದ ಕೊನೆಯ ಮೌಲ್ಯಮಾಪನ ಎಲ್ಲವೂ ಒಂದೇ ದಾರಕ್ಕೆ ಕಟ್ಟಿದ ಗಂಟು. ಮೌಲ್ಯಮಾಪನದ ನಮೂನೆಯಲ್ಲಿ "ಎಷ್ಟು ಸ್ಪರ್ಧೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸಿದಿರಿ" ಎಂದಿರುತ್ತದೆ. "ಯಾವ ಪ್ರಾಜೆಕ್ಟು ಈಗಲೂ ಓಡುತ್ತಿದೆ" ಎಂಬ ಕಾಲಂ ಇಲ್ಲ. ಇಲ್ಲದ ಕಾಲಂಗೆ ಯಾರು ದುಡಿಯುತ್ತಾರೆ?

ಇದೆಲ್ಲ ಒಮಾನಿಗೆ ತಿಳಿಯದ ವಿಷಯವೆಂದಲ್ಲ. ಇದೇ ದೇಶದಲ್ಲಿ 'ದಿ ರಿಸರ್ಚ್ ಕೌನ್ಸಿಲ್' 2011ರಲ್ಲಿ ಪರಿಸರಸ್ನೇಹಿ ಮನೆಯ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ, ನಿಜ್ವಾ ವಿಶ್ವವಿದ್ಯಾಲಯ, ಧೋಫಾರ್ ವಿಶ್ವವಿದ್ಯಾಲಯ, ಹಲ್ಬಾನ್‌ನ ಜರ್ಮನ್ ತಾಂತ್ರಿಕ ವಿಶ್ವವಿದ್ಯಾಲಯ, ಮಸ್ಕತ್ತಿನ ಹೈಯರ್ ಕಾಲೇಜ್ ಆಫ್ ಟೆಕ್ನಾಲಜಿ ಸ್ಪರ್ಧೆಗಿಳಿದವು. ಅಲ್ಲಿ ಮನೆಯ ಮಾದರಿ ತಂದು ಮೇಜಿನ ಮೇಲೆ ಇಟ್ಟರೆ ಸಾಲುತ್ತಿರಲಿಲ್ಲ, ಮನೆಯನ್ನೇ ಕಟ್ಟಬೇಕಿತ್ತು: ಇಟ್ಟಿಗೆ, ಕಿಟಕಿ, ಸೌರಫಲಕ, ಎಲ್ಲ ಇರುವ, ಮನುಷ್ಯ ಒಳಗೆ ಹೋಗಿ ಕೂರಬಹುದಾದ ಮನೆ. ಕಟ್ಟಿದರು. ಮಾದರಿಯ ಮನೆಗೂ ಮನುಷ್ಯರ ಮನೆಗೂ ವ್ಯತ್ಯಾಸವೇನೆಂದರೆ ಎರಡನೆಯದು ಬೇಸಿಗೆಯನ್ನು ಎದುರಿಸಬೇಕು. 2018ರ ಜೂನ್ 26ರಂದು ಮಸ್ಕತ್ತಿನ ಆಚೆಯ ಕುರಿಯಾತ್‌ನಲ್ಲಿ ಇಡೀ ದಿನ ರಾತ್ರಿ ಸೇರಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಅದು ರಾತ್ರಿಯ ತಂಪು! ನಮ್ಮ ಮಕ್ಕಳು ಬಳಸುವ ಡಿಎಚ್‌ಟಿ11 ಎಂಬ ನೀಲಿ ಉಷ್ಣಮಾಪಕದ ವ್ಯಾಪ್ತಿ ಐವತ್ತು ಡಿಗ್ರಿಗೆ ಮುಗಿಯುತ್ತದೆ. ಅದನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಜೂನ್ ಬಿಸಿಲಲ್ಲಿ ಗಂಟೆ ಹೊತ್ತು ಬಿಟ್ಟರೆ ಅದು ರಾಜೀನಾಮೆ ಕೊಡುತ್ತದೆ. ಆದರೆ ಜೂನ್‌ನಲ್ಲಿ ಸ್ಪರ್ಧೆ ಇರುವುದಿಲ್ಲ. ಆಗ ಎಲ್ಲರೂ ಊರಿಗೆ ಹೋಗಿರುತ್ತಾರೆ, ಸೆನ್ಸರ್ ತರಲು.

ತಂತ್ರಜ್ಞಾನವನ್ನು ನೋಡಲೇಬೇಕೆಂದರೆ ಮಕ್ಕಳನ್ನು ನಿಜ್ವಾ ಕಡೆ ಕರೆದುಕೊಂಡು ಹೋಗಿ. ಕರೆದುಕೊಂಡು ಹೋಗುತ್ತೀರಿ, ಗೊತ್ತು. ಕೋಟೆಯ ಮುಂದೆ ಫೋಟೋ ತೆಗೆದು ಹಲ್ವಾ ಕೊಂಡು ವಾಪಸ್ ಬರುತ್ತೀರಿ. ಈ ಸಲ ಫಲಜ್ ದಾರಿಸ್ ಹತ್ತಿರ ಒಂದು ಗಂಟೆ ನಿಲ್ಲಿ. ಬೆಟ್ಟದ ಬುಡದ ನೀರನ್ನು ನೆಲದೊಳಗಿನ ಸುರಂಗದಲ್ಲಿ, ಇಳಿಜಾರೊಂದರಿಂದಲೇ, ಪಂಪಿಲ್ಲದೆ, ವಿದ್ಯುತ್ತಿಲ್ಲದೆ ಮೈಲಿಗಟ್ಟಲೆ ತಂದು ತೋಟಕ್ಕೆ ಬಿಡುವ ಕಾಲುವೆ ಅದು. ಒಮಾನಿನಲ್ಲಿ ಇಂಥವು ಸುಮಾರು 3000 ಇಂದಿಗೂ ಹರಿಯುತ್ತಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿರ್ಕತ್ ಅಲ್ ಮೌಜ್‌ನ ಫಲಜ್ ಅಲ್ ಖತ್ಮೈನ್ ಒಂದು ಕಡೆ ಮೂರು ಸಮಪಾಲಾಗಿ ಒಡೆಯುತ್ತದೆ. ಸಮವೆಂದರೆ ಸಮ, ಊರವರು ಅದರ ಮೇಲೆ ತಲೆಮಾರುಗಟ್ಟಲೆ ಬದುಕಿದ್ದಾರೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಹಗಲು ನೆರಳಿನ ಗಡಿಯಾರ, ರಾತ್ರಿ ನಕ್ಷತ್ರಗಳು. ಮೇಲ್ವಿಚಾರಣೆಗೊಬ್ಬ ವಕೀಲ್, ಹಂಚಿಕೆಗೊಬ್ಬ ಅರೀಫ್. ತಪ್ಪಾದರೆ ಜಗಳ, ಜಗಳ ಬಂದರೆ ಮರುದಿನವೇ ತಿದ್ದುಪಡಿ. ಸೆನ್ಸರಿಲ್ಲದ, ಆಪ್ ಇಲ್ಲದ, ಆದರೆ ಬಳಸುವವನೇ ತೀರ್ಪುಗಾರನಾದ ನೀರಾವರಿ.

ಇದನ್ನು ಕಂಡು ನಮ್ಮ ಕಾಸರಗೋಡು, ಬಂಟ್ವಾಳ, ಪುತ್ತೂರಿನವರು ಬೆರಗಾಗಬೇಕಿಲ್ಲ. ಬಾಯಾರು, ಎಣ್ಮಕಜೆ, ಮಾಣಿಲದ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಇಂದಿಗೂ ಮನೆಗೆ, ಅಡಿಕೆ ತೋಟಕ್ಕೆ ನೀರು ಬರುತ್ತದೆ. ಮಸ್ಕತ್ತಿನಲ್ಲಿ ಕೂತು 'ಸುಸ್ಥಿರ ಜಲ ನಿರ್ವಹಣೆ' ಎಂದು ಗೂಗಲ್ ಮಾಡುತ್ತಿರುವ ಎಷ್ಟೋ ಹುಡುಗರ ಅಜ್ಜನ ಮನೆಯ ಹಿತ್ತಿಲಲ್ಲೇ ಸುರಂಗವಿದೆ; ಬೇಸಿಗೆ ರಜೆಗೆ ಹೋದಾಗ ಅದರ ನೀರಲ್ಲೇ ಸ್ನಾನ ಮಾಡಿ ಬಂದಿದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದರು. ನೀರು ಸಿಗಲಿಲ್ಲ. ಇನ್ನೊಂದು ತೋಡಿದರು, ಸಿಗಲಿಲ್ಲ. ಹೀಗೆ ವರ್ಷಗಟ್ಟಲೆ ತೋಡಿ ತೋಡಿ ಕೊನೆಗೆ ನೀರು ಕಂಡರು, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಅವರೇನಾದರೂ ಮೊದಲ ಸುರಂಗದ ವರ್ಷ ನಮ್ಮ ಸ್ಪರ್ಧೆಗೆ ಬಂದಿದ್ದರೆ ನೋಂದಣಿ ಮೇಜಿನಲ್ಲೇ ವಾಪಸ್ ಕಳಿಸುತ್ತಿದ್ದರು. ಪೋಸ್ಟರ್ ಇಲ್ಲ, ತಂಡ ಇಲ್ಲ, ಡೆಮೊ ಕೊಡಲು ನೀರೇ ಇಲ್ಲ.

ಕಲಿತವರಿಂದ ಇದು ಆಗದು ಎಂದೂ ಅಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ತಂಡ ಕಟ್ಟಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬೀಡುಬಿಟ್ಟರು. ಹಳ್ಳಿಯ ಮನೆಗಳಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ಹೊತ್ತು ತರುತ್ತಾರೆ ಎಂದು ಅಳೆದರು. ಆಮೇಲೆ ಬಂದದ್ದು ಹೊಗೆ ಕಡಿಮೆ ಮಾಡುವ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯಿಸುವ ಅಸ್ತ್ರ ಒಲೆ. ಮೊದಲು ಅಡುಗೆಮನೆ, ಆಮೇಲೆ ಒಲೆ. ನಾವು ಒಲೆಯನ್ನು ಎಸ್.ಪಿ. ರಸ್ತೆಯಿಂದ ತರಿಸಿಕೊಂಡು ಅಡುಗೆಮನೆ ಹುಡುಕುತ್ತಿದ್ದೇವೆ.

ಬಹುಮಾನ ವಿತರಣೆ ಚೆನ್ನಾಗಿಯೇ ಆಗುತ್ತದೆ. ಕಹ್ವಾ, ಖರ್ಜೂರ, ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು, ದಿಶ್ದಾಶಾ ತೊಟ್ಟ ಗಣ್ಯರೊಂದಿಗೆ ಫೋಟೋ. ಒಮಾನಿ ಮಕ್ಕಳು, ಭಾರತೀಯ ಮಕ್ಕಳು ಸಮಾನವಾಗಿ ಹಲ್ಲುಬಿಡುತ್ತಾರೆ. ಈ ವಿಷಯದಲ್ಲಿ ಎರಡು ದೇಶಗಳ ಬಾಂಧವ್ಯ ಗಟ್ಟಿಯಾಗಿದೆ. ಅಂದು ರಾತ್ರಿ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಹೂಗುಚ್ಛದ ಚಿತ್ರಗಳ ಪ್ರವಾಹ, ಅದಕ್ಕೆ ಮಾತ್ರ ಯಾವ ಮುನ್ನೆಚ್ಚರಿಕೆಯೂ ಇರುವುದಿಲ್ಲ. "ಊರಿಗೆ ಕೀರ್ತಿ ತಂದ ಕುವರ." ಕನ್ನಡ ಸಂಘದ ಮುಂದಿನ ಯುಗಾದಿ ಕಾರ್ಯಕ್ರಮದಲ್ಲಿ ಶಾಲು. ಮೂರನೆಯ ದಿನ ಆರ್ಡುಯಿನೊ ಬೋರ್ಡನ್ನು ಕಿತ್ತು ತಂಗಿಯ ಪ್ರಾಜೆಕ್ಟಿಗೆ ಕೊಡಲಾಗುತ್ತದೆ. ಥರ್ಮಾಕೋಲಿನ ಬೆಟ್ಟಗಳು ಬಾಲ್ಕನಿಯಲ್ಲಿ ಉಳಿದು, ಧೂಳು ಕೂತು, ನಿಜವಾದ ಹಜರ್ ಪರ್ವತಗಳ ಬಣ್ಣಕ್ಕೆ ತಿರುಗುತ್ತವೆ. ಪ್ರಾಜೆಕ್ಟಿನಲ್ಲಿ ವಾಸ್ತವಕ್ಕೆ ಹತ್ತಿರವಾದದ್ದು ಕೊನೆಗೂ ಅದೊಂದೇ.

ಸರ್ಟಿಫಿಕೇಟಿನಿಂದ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸೀಟು ಸಿಗುತ್ತದೆ ಎಂದು ಕೆಲವು ತಾಯ್ತಂದೆಯರು ನಂಬಿದ್ದಾರೆ. ಸಿಗುವುದಿಲ್ಲ. ಹೊರದೇಶದ ಮಕ್ಕಳಿಗಿರುವ ಡಾಸಾ ಪ್ರವೇಶವೂ, ಗಲ್ಫ್ ಕೆಲಸಗಾರರ ಮಕ್ಕಳಿಗೆಂದು ಅದರೊಳಗೆ ಮೀಸಲಿಟ್ಟ ಸೀಟುಗಳೂ ಜೆಇಇ ಮೇನ್ ರ‍್ಯಾಂಕಿನ ಮೇಲೆ ನಿಂತಿವೆ. ಕಸದ ಬುಟ್ಟಿ ಎಷ್ಟು ಸ್ಮಾರ್ಟಾಗಿದ್ದರೂ ಅಲ್ಲಿ ಅಂಕವಿಲ್ಲ. ಅಂದಮೇಲೆ ಇಷ್ಟೊಂದು ಸುಳ್ಳಿನ ಶ್ರಮ ಏತಕ್ಕೆ? ಸುಳ್ಳು ಹೇಳಿ ಲಾಭವೂ ಇಲ್ಲದಿದ್ದ ಮೇಲೆ ನಿಜವಾದ ಕೆಲಸ ಮಾಡಿ ಸೋತರೇನು ನಷ್ಟ? ಹದಿನೆಂಟರ ಹುಡುಗಿಯೊಬ್ಬಳು ತೀರ್ಪುಗಾರರ ಮುಂದೆ ನಿಂತು, "ನಾವು ಬರ್ಕಾದ ತೋಟದಲ್ಲಿ ಎರಡು ತಿಂಗಳು ಇಟ್ಟೆವು ಸರ್, ಉಪ್ಪಿನಿಂದ ಕೆಟ್ಟುಹೋಯಿತು, ಏಕೆ ಕೆಟ್ಟಿತೆಂದು ಇದೋ ನೋಡಿ" ಎಂದು ತುಕ್ಕು ಹಿಡಿದ ಹಲ್ಲುಗಳನ್ನು ತೋರಿಸಿದರೆ ನಾನು ಅವಳಿಗೆ ಮೊದಲ ಬಹುಮಾನ ಕೊಡುತ್ತೇನೆ. ನನ್ನನ್ನು ತೀರ್ಪುಗಾರನಾಗಿ ಯಾರೂ ಕರೆಯುವುದಿಲ್ಲ ಎಂಬುದು ಬೇರೆ ಮಾತು.

ಆದ್ದರಿಂದ ವಿಶ್ವವಿದ್ಯಾಲಯಗಳ ಮಾನ್ಯರಲ್ಲಿ ಒಂದು ಅರಿಕೆ. ಸ್ಪರ್ಧೆಯನ್ನು ಫೆಬ್ರವರಿಯಲ್ಲಿ ಬೇಕಾದರೆ ನಡೆಸಿ, ಫೋಟೋ ತೆಗೆಯಿರಿ, ಕಹ್ವಾ ಕುಡಿಯಿರಿ. ಬಹುಮಾನವನ್ನು ಮಾತ್ರ ಜುಲೈಯಲ್ಲಿ ಕೊಡಿ, ಹಾಲ್‌ನಲ್ಲಿ ಬೇಡ, ಯಂತ್ರವಿರುವ ತೋಟದಲ್ಲೋ ವಾದಿಯ ದಂಡೆಯಲ್ಲೋ ಕೊಡಿ. ಅಲ್ಲಿ ಅದು ಇನ್ನೂ ಓಡುತ್ತಿದೆಯೇ ಎಂದು ತೋಟದ ಕೆಲಸಗಾರನನ್ನು ಕೇಳಿ, ಅಂಕವನ್ನು ಅವನಿಂದಲೇ ಹಾಕಿಸಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಒಮಾನಿನ ಕಾನೂನಿದೆ. ಸಮಾರಂಭವನ್ನು ನಾಲ್ಕು ಗಂಟೆಗೆ ಇಟ್ಟುಕೊಳ್ಳಿ.